ಈಸ್ಟರ್ನ್ ಪ್ರಾಮಿಸಸ್: ಕೊಳಕು ಹಿಂಸೆಯೋ, ಒಳ್ಳೆಯ ಸಿನಿಮಾವೋ?

ನೀವು ಕೇಳಿರುವುದು ಇಷ್ಟು: ಲಂಡನ್ನಿನ ರಷ್ಯನ್ ಮಾಫಿಯಾ ಬಗ್ಗೆ 2007ರಲ್ಲಿ ಬಂದ ‘ಈಸ್ಟರ್ನ್ ಪ್ರಾಮಿಸಸ್’ ಚಿತ್ರವನ್ನು ಕೆಲವರು ತಲೆಮೇಲೆ ಹೊತ್ತುಕೊಳ್ಳುತ್ತಾರೆ, ಇನ್ನು ಕೆಲವರು ಹೊಟ್ಟೆ ತೊಳೆಸಿತು ಎಂದು ಅರ್ಧಕ್ಕೇ ನಿಲ್ಲಿಸಿದ್ದಾರೆ. ಯಾರ ಮಾತು ನಂಬುವುದು, ನೋಡಬಹುದೇ?

ನೋಡಿ. ಆದರೆ ಯಾಕೆ ಇಷ್ಟು ಭಿನ್ನಾಭಿಪ್ರಾಯ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಥೆಯ ಗುಟ್ಟುಗಳು ಬರುತ್ತವೆ, ಬೇಡವೆಂದರೆ ಚಿತ್ರ ನೋಡಿದ ಮೇಲೆ ಓದಿ.

ಮೊದಲು ರಕ್ತದ ವಿಷಯ. ಚಿತ್ರ ಶುರುವಾದ ಸ್ವಲ್ಪ ಹೊತ್ತಿಗೇ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತವನ ಕತ್ತು ಕೊಯ್ಯುತ್ತಾರೆ. ಕೊಯ್ಯುವವನು ಬುದ್ಧಿ ಅಷ್ಟಾಗಿ ಬಲಿಯದ ಹುಡುಗ. ಕೆಲಸ ಒಂದೇ ಎಳೆತಕ್ಕೆ ಮುಗಿಯುವುದಿಲ್ಲ, ಕ್ಯಾಮೆರಾ ಮುಖ ತಿರುಗಿಸುವುದೂ ಇಲ್ಲ. ಅದರ ಬೆನ್ನಿಗೇ ಔಷಧಿ ಅಂಗಡಿಯೊಂದಕ್ಕೆ ಗರ್ಭಿಣಿ ಹುಡುಗಿ ಬಂದು ನಿಲ್ಲುತ್ತಾಳೆ, ಅವಳ ಕಾಲಡಿಯೂ ರಕ್ತ. ಎದ್ದು ಹೋಗುವವರು ಸಾಮಾನ್ಯವಾಗಿ ಇಲ್ಲೇ ಎದ್ದು ಹೋಗುತ್ತಾರೆ. ಅವರನ್ನು ನಾನು ತಪ್ಪು ಅನ್ನಲಾರೆ. ಬ್ರಿಟನ್ನಿನಲ್ಲಿ ಇದಕ್ಕೆ 18 ವರ್ಷ ಮೇಲ್ಪಟ್ಟವರಿಗೆ ಮಾತ್ರ ಎನ್ನುವ ಪ್ರಮಾಣಪತ್ರ ಸಿಕ್ಕಿದ್ದು ಸುಮ್ಮನೆ ಅಲ್ಲ.

ಆದರೂ ಸುಮಾರು ನೂರು ನಿಮಿಷದ ಚಿತ್ರದಲ್ಲಿ ಇಂಥ ದೃಶ್ಯಗಳು ಬೆರಳೆಣಿಕೆಯಷ್ಟೇ. ಒಂದೇ ಒಂದು ಗುಂಡೂ ಹಾರುವುದಿಲ್ಲ, ಎಲ್ಲವೂ ಚಾಕು. ಗುಂಡು ಹಾರಿಸಿದವನು ದೂರ ನಿಂತಿರುತ್ತಾನೆ. ಚಾಕು ಹಿಡಿದವನು ಎದುರಾಳಿಯ ಉಸಿರು ತಾಕುವಷ್ಟು ಹತ್ತಿರ ಬರಲೇಬೇಕು. ನಿರ್ದೇಶಕ ಡೇವಿಡ್ ಕ್ರೋನೆನ್‌ಬರ್ಗ್ ಮನುಷ್ಯರ ಮೈಗೆ ಆಗುವುದನ್ನು ಮರೆಮಾಚದೆ ತೋರಿಸುತ್ತಲೇ ಬಂದವರು. ಲಾಂಗು ಬೀಸಿದಾಗ ಹಿನ್ನೆಲೆ ಸಂಗೀತ ಏರಿ, ನಾಯಕ ನಿಧಾನವಾಗಿ ನಡೆದು ಬರುವ ಚಿತ್ರಗಳನ್ನು ನೋಡಿ ಬೆಳೆದ ನಮಗೆ ಇಲ್ಲಿ ಚಪ್ಪಾಳೆ ತಟ್ಟಲು ಜಾಗವೇ ಸಿಗುವುದಿಲ್ಲ. ‘ಬೋರು’ ಅನ್ನುವವರ ಅಸಮಾಧಾನ ಬಹುಮಟ್ಟಿಗೆ ಇದೇ ಅಂತ ನನ್ನ ಅನಿಸಿಕೆ.

ಎಲ್ಲರೂ ಮಾತಾಡುವ ಸಾರ್ವಜನಿಕ ಸ್ನಾನಗೃಹದ ಹೊಡೆದಾಟಕ್ಕೆ ಬರೋಣ. ಮಾಫಿಯಾ ಕುಟುಂಬದ ಡ್ರೈವರ್ ನಿಕೊಲಾಯ್ (ವಿಗ್ಗೊ ಮಾರ್ಟೆನ್ಸನ್) ಬೆತ್ತಲೆಯಾಗಿ, ಬರಿಗೈಯಲ್ಲಿ, ಬಾಗಿದ ಚಾಕು ಹಿಡಿದ ಇಬ್ಬರು ಚೆಚೆನ್ನರ (ರಷ್ಯಾದ ಚೆಚೆನ್ಯಾ ಪ್ರದೇಶದವರು) ಜೊತೆ ಸೆಣಸುತ್ತಾನೆ. ಬೆತ್ತಲೆ ಯಾಕೆ, ಸುಮ್ಮನೆ ಗಮನ ಸೆಳೆಯೋಕಲ್ಲವೇ ಎಂದು ಕೇಳುವವರಿದ್ದಾರೆ. ಹಚ್ಚೆಗಳ ವಿಷಯ ಗೊತ್ತಿದ್ದರೆ ಆ ಪ್ರಶ್ನೆ ಬರುವುದಿಲ್ಲ. ‘ವೊರಿ ವ್ ಜಕೋನೆ’ ಎಂದು ಕರೆಸಿಕೊಳ್ಳುವ ಈ ಕಳ್ಳರ ಕೂಟ ಸೋವಿಯತ್ ಸೆರೆಶಿಬಿರಗಳಲ್ಲಿ ಬೆಳೆದದ್ದು. ಅಲ್ಲಿ ಮೈಮೇಲಿನ ಹಚ್ಚೆಯೇ ಮನುಷ್ಯನ ಜಾತಕ: ಯಾವ ಜೈಲು, ಯಾವ ಅಪರಾಧ, ಯಾವ ದರ್ಜೆ, ಎಲ್ಲ ಅದರಲ್ಲಿ. ಮಂಡಿಯ ಮೇಲೆ ನಕ್ಷತ್ರವಿದ್ದರೆ ಯಾರ ಮುಂದೆಯೂ ಮಂಡಿಯೂರುವವನಲ್ಲ ಎಂದರ್ಥ. ಚಿತ್ರದಲ್ಲಿ ಕೂಟದ ಹಿರಿಯ ಸಿಮ್ಯೋನ್ ಈ ನಕ್ಷತ್ರಗಳನ್ನು ನಿಕೊಲಾಯ್‌ಗೆ ಗೌರವವೆಂಬಂತೆ ಹಾಕಿಸುತ್ತಾನೆ. ಚೆಚೆನ್ನರು ಕೊಲ್ಲಲು ಬರುವುದು ಸಿಮ್ಯೋನನ ಮಗ ಕಿರಿಲ್‌ನನ್ನು, ಆದರೆ ಅವನ ಮುಖ ಅವರಿಗೆ ಗೊತ್ತಿಲ್ಲ. ನಕ್ಷತ್ರ ಕಂಡರೆ ಅವನೇ ಎಂದುಕೊಳ್ಳುತ್ತಾರೆ. ಬಡ್ತಿಯ ಹೆಸರಿನಲ್ಲಿ ಬಲಿ ಕೊಟ್ಟಿದ್ದು. ಬಟ್ಟೆಯಿಲ್ಲದ ಜಾಗದಲ್ಲಿ ಮಾತ್ರ ಈ ಮೋಸ ನಡೆಯಲು ಸಾಧ್ಯ. ಹಾಗಾಗಿ ಆ ದೃಶ್ಯ ಕಥೆಯ ಬೆನ್ನೆಲುಬು, ಮೇಲೆ ಉದುರಿಸಿದ ಮಸಾಲೆಯಲ್ಲ.

ಮಾರ್ಟೆನ್ಸನ್ ಈ ಪಾತ್ರಕ್ಕಾಗಿ ಒಬ್ಬರೇ ರಷ್ಯಾ ಸುತ್ತಿ ಬಂದರು. ರಷ್ಯಾದ ಜೈಲುಗಳ ಹಚ್ಚೆಗಳ ಬಗ್ಗೆ ಅಲಿಕ್ಸ್ ಲ್ಯಾಂಬರ್ಟ್ ಮಾಡಿದ್ದ ಸಾಕ್ಷ್ಯಚಿತ್ರವನ್ನು ನಿರ್ದೇಶಕರ ಕೈಗಿತ್ತವರೂ ಅವರೇ. ಅವರ ನಟನೆಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಚಿತ್ರಕ್ಕೆ ಟೊರೊಂಟೊ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿಯೂ ಬಂತು. ರಷ್ಯನ್ ಬಲ್ಲವರ ತಕರಾರು ಬೇರೆಯೇ: ಮುಖ್ಯ ಪಾತ್ರಗಳಲ್ಲಿ ಒಬ್ಬ ಅಮೆರಿಕನ್, ಒಬ್ಬ ಫ್ರೆಂಚ್, ಒಬ್ಬ ಜರ್ಮನ್, ನಾಯಕಿ ಅನ್ನಾಳ ಚಿಕ್ಕಪ್ಪನಾಗಿ ಪೋಲೆಂಡಿನ ನಿರ್ದೇಶಕರೊಬ್ಬರು. ಉಚ್ಚಾರಣೆ ಕಿವಿಗೆ ಚುಚ್ಚುತ್ತದೆ ಎನ್ನುತ್ತಾರೆ. ನ್ಯಾಯವಾದ ಮಾತೇ.

ಈಗ ನನ್ನ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ. ಈ ಚಿತ್ರದ ಅತಿ ದೊಡ್ಡ ಹಿಂಸೆ ತೆರೆಯ ಮೇಲೆ ಬರುವುದೇ ಇಲ್ಲ. ಔಷಧಿ ಅಂಗಡಿಯಲ್ಲಿ ಕುಸಿದ ಆ ಹುಡುಗಿ ತಾತಿಯಾನಾ, ವಯಸ್ಸು 14. ಹೆರಿಗೆಯಲ್ಲಿ ಸಾಯುತ್ತಾಳೆ, ಉಳಿಯುವುದು ಒಂದು ಹೆಣ್ಣುಕೂಸು ಮತ್ತು ರಷ್ಯನ್ ಭಾಷೆಯ ಡೈರಿ. ಅವಳಪ್ಪ ಗಣಿಯಲ್ಲಿ ಸತ್ತವನು, ಅವಳು ಒಳ್ಳೆಯ ಬದುಕು ಹುಡುಕಿ ಲಂಡನ್ನಿಗೆ ಬಂದವಳು. ಆಸ್ಪತ್ರೆಯ ಸೂಲಗಿತ್ತಿ ಅನ್ನಾ (ನವೋಮಿ ವಾಟ್ಸ್) ಡೈರಿಯಲ್ಲಿದ್ದ ವಿಳಾಸ ಹಿಡಿದು ಸಿಮ್ಯೋನನ ರೆಸ್ಟೋರೆಂಟಿಗೆ ಹೋದರೆ, ಅಡುಗೆ ಮಾಡುತ್ತಾ ನಿಂತ ಆ ಅಜ್ಜ ಎಷ್ಟು ಅಕ್ಕರೆಯಿಂದ ಮಾತಾಡುತ್ತಾನೆ! ಡೈರಿ ತನಗೆ ಕೊಡು, ತಾನೇ ಅನುವಾದ ಮಾಡಿಕೊಡುತ್ತೇನೆ ಎನ್ನುತ್ತಾನೆ. ಆ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದವನು ಅವನೇ. ಆರ್ಮಿನ್ ಮ್ಯುಲರ್-ಸ್ಟಾಲ್ ಅವರ ಆ ಮೆದು ದನಿ ಕೇಳುವಾಗ ನನಗಾದ ಹೇಸಿಗೆ ಯಾವ ಚಾಕುವಿನಿಂದಲೂ ಆಗಲಿಲ್ಲ.

ಗಂಡಸರ ಮೈ ಸೀಳುವುದನ್ನು ಕಣ್ಣೆದುರು ಇಟ್ಟು, ಹುಡುಗಿಗೆ ಆದದ್ದನ್ನು ಡೈರಿ ಓದುವ ಬರೀ ದನಿಯಲ್ಲಿ ಕೇಳಿಸಿದ್ದು ಸರಿಯಾದ ತೀರ್ಮಾನ ಅಂತ ನಾನು ನಂಬುತ್ತೇನೆ. ಅದನ್ನು ತೋರಿಸಿದ್ದರೆ ಅದೂ ನೋಡುವವರ ಕಣ್ಣಿಗೆ ಒಂದು ಸರಕಾಗುತ್ತಿತ್ತು. ಆದರೆ ಇದಕ್ಕೊಂದು ಬೆಲೆಯಿದೆ. ಚಿತ್ರ ಮುಗಿದ ಮೇಲೆ ಜನ ನಿಕೊಲಾಯ್ ಬಗ್ಗೆ, ಹಚ್ಚೆಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ತಾತಿಯಾನಾ ಹೆಸರು ಎಷ್ಟೋ ಜನರಿಗೆ ನೆನಪಿರುವುದಿಲ್ಲ. ಇದು ನೋಡಿದವರ ತಪ್ಪು ಮಾತ್ರ ಅಲ್ಲ. ಚಿತ್ರಕಥೆ ಬರೆದ ಸ್ಟೀವನ್ ನೈಟ್ ಕೊನೆಯಲ್ಲಿ ನಿಕೊಲಾಯ್ ನಿಜಕ್ಕೂ ರಷ್ಯಾದ ಗುಪ್ತಚರ ಸಂಸ್ಥೆ ಎಫ್‌ಎಸ್‌ಬಿಯ ಮನುಷ್ಯ ಎಂದು ಬಯಲು ಮಾಡುತ್ತಾರೆ. ಅಲ್ಲಿಗೆ ನಮ್ಮ ಗಮನ ಪೂರ್ತಿ ಅವನ ಕಡೆ ವಾಲುತ್ತದೆ, ಅಲ್ಲಿಯವರೆಗೆ ಅವನನ್ನು ನೋಡಿ ಆದ ಕಸಿವಿಸಿಗೂ ಸುಲಭದ ಸಮಾಧಾನ ಸಿಗುತ್ತದೆ. 2006ರ ನವೆಂಬರಿನಲ್ಲಿ ಇದೇ ಲಂಡನ್ನಿನಲ್ಲಿ ಎಫ್‌ಎಸ್‌ಬಿಯ ಮಾಜಿ ಅಧಿಕಾರಿ ಅಲೆಕ್ಸಾಂಡರ್ ಲಿಟ್ವಿನೆಂಕೊ ಪೊಲೋನಿಯಂ ವಿಷಕ್ಕೆ ಬಲಿಯಾದರು. ಅದು ಎಫ್‌ಎಸ್‌ಬಿಯದೇ ಕೃತ್ಯವಾಗಿರುವ ಸಾಧ್ಯತೆ ಹೆಚ್ಚು ಎಂದು 2016ರಲ್ಲಿ ಬ್ರಿಟಿಷ್ ವಿಚಾರಣೆ ತೀರ್ಮಾನಿಸಿತು. ಅದನ್ನು ತಿಳಿದು ನೋಡಿದರೆ, ಕೂಸನ್ನು ಕಾಪಾಡಲು ಅದೇ ಸಂಸ್ಥೆಯವನು ಬರುವುದು ಗಂಟಲಲ್ಲಿ ಇಳಿಯುವುದಿಲ್ಲ. ಚಿತ್ರದ ನಿಜವಾದ ದೋಷ ಇದು, ರಕ್ತ ಅಲ್ಲ.

ಕೊನೆಗೆ ಒಂದು ಉಪಯೋಗದ ಮಾತು. ಮಕ್ಕಳಿರುವಾಗ ಹಾಕಬೇಡಿ. ರಕ್ತ ನೋಡಲಾಗದಿದ್ದರೆ ಕ್ಷೌರದಂಗಡಿಯ ದೃಶ್ಯ ಓಡಿಸಿಬಿಡಿ, ಕಥೆಗೆ ಏನೂ ನಷ್ಟವಿಲ್ಲ. ವೇಶ್ಯಾಗೃಹದಲ್ಲಿ ಕಿರಿಲ್ ಒತ್ತಾಯಕ್ಕೆ ನಿಕೊಲಾಯ್ ಒಬ್ಬ ಹುಡುಗಿಯ ಜೊತೆ ಮಲಗುವ ದೃಶ್ಯವಿದೆ, ಅದರಲ್ಲಿ ರಕ್ತವಿಲ್ಲ, ಆದರೆ ಇಡೀ ಚಿತ್ರದಲ್ಲಿ ನೋಡಲು ಅತ್ಯಂತ ಕಷ್ಟವಾದದ್ದು ಅದು. ಎಲ್ಲ ಮುಗಿದ ಮೇಲೆ ಅವನು ಅವಳ ಹೆಸರು ಕೇಳುತ್ತಾನೆ. ಅದನ್ನು ಓಡಿಸಬೇಡಿ.