ಪೂಜೆಗೆ ಹೋದರೆ ಸಾಲದಾ, ಓದು, ಪ್ರವಚನ ಯಾಕೆ?

ಭಾನುವಾರ ಚರ್ಚಿನಲ್ಲಿ ನಡೆಯುವ ಬಲಿಪೂಜೆ (ಮಾಸ್) ಸಾಲದಾ ಅಂತ ಕೇಳಿದ್ದೀರಿ. ಪೂಜೆ, ಪಾಪನಿವೇದನೆಯ ಜಾಗವನ್ನು ಯಾವ ಪುಸ್ತಕವೂ ತುಂಬುವುದಿಲ್ಲ. ಆದರೆ ಓದು ಮನಸ್ಸನ್ನು ಹದ ಮಾಡುತ್ತದೆ. 1521ರಲ್ಲಿ ಯುದ್ಧದಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಸ್ಪೇನಿನ ಸೈನಿಕ, ಮುಂದೆ ಸಂತನಾದ ಇಗ್ನೇಷಿಯಸ್ ಲೊಯೋಲ ಓದಲು ಕೇಳಿದ್ದು ವೀರರ ಕತೆಗಳನ್ನು. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಮತ್ತು ಸಂತರ ಚರಿತ್ರೆ, ಬೇರೆ ದಾರಿಯಿಲ್ಲದೆ ಅದನ್ನೇ ಓದುತ್ತಾ ಓದುತ್ತಾ ಬದುಕೇ ಬದಲಾಯಿತು.

ಜಾಸ್ತಿ ಓದಬೇಕಿಲ್ಲ. ನಮ್ಮ ಶಿವಮೊಗ್ಗದ ಮಳೆಗಾಲದಲ್ಲಿ ಸಂಜೆ ಕರೆಂಟ್ ಹೋಗುವುದು ಇದ್ದದ್ದೇ ಅಲ್ವಾ, ಆಗ ಮೊಬೈಲ್ ಬದಿಗಿಟ್ಟು ಮೇಣದಬತ್ತಿ ಹಚ್ಚಿ ಬೈಬಲಿನ ಲೂಕನ ಶುಭಸಂದೇಶದ ಹತ್ತು ವಾಕ್ಯ ಓದಿ, ಮನಸ್ಸಿಗೆ ನಾಟಿದ ಕಡೆ ನಿಲ್ಲಿಸಿ, ಅದನ್ನೇ ಪ್ರಾರ್ಥನೆ ಮಾಡಿ. ಪ್ರವಚನದ ವಿಡಿಯೊಗಳನ್ನು ಸುಮ್ನೆ ಒಂದರ ಮೇಲೊಂದು ಕೇಳಿದರೆ ಕಿವಿಗೆ ಹಿತ, ಅಷ್ಟೇ. ಒಂದೇ ಕೇಳಿ, ಅದರ ಒಂದು ಮಾತನ್ನಾದರೂ ಆ ವಾರ ಮಾಡಿ ನೋಡಿ. ಯಾವ ಪುಸ್ತಕ ಅಂತ ಗೊತ್ತಾಗದಿದ್ದರೆ ನಿಮ್ಮ ಚರ್ಚಿನ ಫಾದರನ್ನೇ ಕೇಳಿ.