ಉದ್ಯೋಗ ಪ್ರಶ್ನೋತ್ತರ: ಫಂಡ್ ಸೇರಲು ರಿಕ್ರೂಟರ್ ಎಷ್ಟು ನೆರವಾಗುತ್ತಾರೆ?

ಪ್ರಶ್ನೆ: ಸಿವಿಲ್ ಎಂಜಿನಿಯರಿಂಗ್ ಓದಿದ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂಬಿಎ ಮುಗಿಸಿ, ನಾಲ್ಕು ವರ್ಷಗಳಿಂದ ಗೃಹಸಾಲ ಕಂಪನಿಯೊಂದರ ಹುಬ್ಬಳ್ಳಿ ಶಾಖೆಯಲ್ಲಿ ಬಿಲ್ಡರ್‌ಗಳ ಸಾಲದ ಕಡತಗಳನ್ನು ಪರಿಶೀಲಿಸುತ್ತಿದ್ದೇನೆ. ರಿಯಲ್ ಎಸ್ಟೇಟ್ ಪ್ರೈವೇಟ್ ಈಕ್ವಿಟಿ ಕ್ಷೇತ್ರಕ್ಕೆ ಹೋಗಬೇಕೆಂದಿದ್ದೇನೆ. ಮುಂಬೈ ಹಾಗೂ ಬೆಂಗಳೂರಿನ ಹಲವು ರಿಕ್ರೂಟರ್‌ಗಳಿಗೆ ಬಯೋಡೇಟಾ ಕಳುಹಿಸಿದರೂ ಯಾರಿಂದಲೂ ಉತ್ತರವಿಲ್ಲ. ನಾನು ಮಾಡುತ್ತಿರುವ ಕ್ರಮವೇ ತಪ್ಪೇ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ರಿಕ್ರೂಟರ್‌ಗೆ ಹಣ ಕೊಡುವುದು ಕಂಪನಿ, ನೀವಲ್ಲ, ಅವರ ಮೌನದ ಕಾರಣವೂ ಬಹುಮಟ್ಟಿಗೆ ಇಲ್ಲಿಯೇ ಇದೆ. ಕಿರಿಯ ಮತ್ತು ಮಧ್ಯಮ ಹಂತದ ಹುದ್ದೆಗಳಲ್ಲಿ ಅವರು ಸೂಚಿಸಿದ ಅಭ್ಯರ್ಥಿ ಕೆಲಸಕ್ಕೆ ಸೇರಿದ ನಂತರವಷ್ಟೇ ಅವರಿಗೆ ವಾರ್ಷಿಕ ವೇತನದ ಒಂದು ಪಾಲು ದೊರೆಯುತ್ತದೆ. ನಮ್ಮ ದೇಶದಲ್ಲಿ ಶೇ. 8.33, ಅಂದರೆ ಒಂದು ತಿಂಗಳ ವೇತನ, ಬಹುಕಾಲದಿಂದ ಬಳಕೆಯಲ್ಲಿರುವ ದರ. ಹಿರಿಯ ಹುದ್ದೆಗಳಿಗೆ ಇದು ಹೆಚ್ಚುತ್ತದೆ. ಇಷ್ಟು ಹಣ ತೆರುವ ಕಂಪನಿಯು ಅದೇ ಕೆಲಸವನ್ನು ಈಗಾಗಲೇ ಮಾಡುತ್ತಿರುವವರನ್ನು ಕೇಳುತ್ತದೆಯೇ ಹೊರತು, ಕಲಿಸಿ ತಯಾರು ಮಾಡಬೇಕಾದವರನ್ನಲ್ಲ. ಆದ್ದರಿಂದ ಕ್ಷೇತ್ರ ಬದಲಿಸುವವರ ಬಯೋಡೇಟಾ ರಿಕ್ರೂಟರ್‌ನ ಮೇಜಿನಲ್ಲಿ ಹಿಂದೆ ಸರಿಯುತ್ತದೆ. ಅದನ್ನು ನಿಮ್ಮ ಯೋಗ್ಯತೆಯ ಕುರಿತ ತೀರ್ಪೆಂದು ತಿಳಿಯಬೇಕಾಗಿಲ್ಲ.

ಈ ಕ್ಷೇತ್ರದಲ್ಲಿ ಹುದ್ದೆಗಳೂ ಕಡಿಮೆ. ವಿಮಾ ಕಂಪನಿಗಳು, ಪಿಂಚಣಿ ನಿಧಿಗಳು, ಶ್ರೀಮಂತ ಕುಟುಂಬಗಳಿಂದ ಹಣ ಕೂಡಿಸಿ, ವಸತಿ ಯೋಜನೆ, ಕಚೇರಿ ಕಟ್ಟಡ, ಗೋದಾಮುಗಳಲ್ಲಿ ತೊಡಗಿಸಿ, ಕೆಲವು ವರ್ಷಗಳ ಬಳಿಕ ಮಾರಿ ಹೊರಬರುವುದು ರಿಯಲ್ ಎಸ್ಟೇಟ್ ಪ್ರೈವೇಟ್ ಈಕ್ವಿಟಿ ಫಂಡ್‌ಗಳ ಕೆಲಸ; ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ 2012ರ ನಿಯಮಗಳಡಿ ಇವು ಸಾಮಾನ್ಯವಾಗಿ ಎರಡನೆಯ ವರ್ಗದ ಪರ್ಯಾಯ ಹೂಡಿಕೆ ನಿಧಿಗಳಾಗಿ ನೋಂದಾಯಿತವಾಗಿರುತ್ತವೆ. ಸಾವಿರಾರು ಕೋಟಿ ರೂಪಾಯಿಗಳನ್ನು ಸಣ್ಣದೊಂದು ತಂಡವೇ ನಿಭಾಯಿಸುವುದರಿಂದ, ಖಾಲಿಯಾಗುವ ಸ್ಥಾನಗಳಲ್ಲಿ ಅನೇಕವು ಪರಿಚಯದವರ ಮೂಲಕವೇ ತುಂಬಿಹೋಗುತ್ತವೆ.

ಹಾಗಿದ್ದರೂ ನಿಮ್ಮ ಈಗಿನ ಕೆಲಸ ಈ ಕ್ಷೇತ್ರದಿಂದ ನೀವು ಭಾವಿಸಿದಷ್ಟು ದೂರವಿಲ್ಲ. ಅರ್ಧಕ್ಕೆ ನಿಂತ ವಸತಿ ಯೋಜನೆಗಳನ್ನು ಪೂರ್ಣಗೊಳಿಸಲು ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ‘ಸ್ವಾಮಿಹ್’ ನಿಧಿಯಂತಹ ಕಡೆಗಳಲ್ಲಿ ಬೇಕಾಗುವುದು, ಬಿಲ್ಡರ್‌ನ ಲೆಕ್ಕವನ್ನೂ ಜಾಗದ ಕಾಗದಪತ್ರಗಳನ್ನೂ ಒಟ್ಟಿಗೆ ಓದಬಲ್ಲವರೇ. ಉತಾರ, ಸಿಟಿಎಸ್ (ನಗರ ಸರ್ವೆ) ನಂಬರು, ಎನ್‌ಎ (ಕೃಷಿಯೇತರ ಬಳಕೆಯ) ಆದೇಶ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ) ನೋಂದಣಿ ಇವುಗಳಲ್ಲಿ ಎಲ್ಲಿ ತೊಡಕಿರುತ್ತದೆಂಬುದು ಮುಂಬೈಯ ಹಣಕಾಸು ಪದವೀಧರರಲ್ಲಿ ಅನೇಕರಿಗೆ ತಿಳಿದಿರುವುದಿಲ್ಲ. ನೀವು ‘ಸಾಲದ ಕಡತ ಪರಿಶೀಲನೆ’ ಎಂದಷ್ಟೇ ಬರೆದುಕೊಂಡಿದ್ದರೆ ಅದನ್ನು ತೆಗೆದುಹಾಕಿ, ಎಂತಹ ಯೋಜನೆ, ಎಷ್ಟು ಚದರಡಿ, ಎಷ್ಟು ಸಾಲ, ನೀವು ಯಾವ ದೋಷವನ್ನು ಪತ್ತೆಹಚ್ಚಿದಿರಿ ಎಂಬುದನ್ನು ಗ್ರಾಹಕರ ಹೆಸರು ಬಿಟ್ಟು ಬರೆಯಿರಿ.

ಆದರೆ ಸಾಲ ಕೊಡುವವರ ದೃಷ್ಟಿಗೂ ಮಾಲೀಕರ ದೃಷ್ಟಿಗೂ ಇರುವ ಅಂತರವನ್ನು ನೀವು ದಾಟಲೇಬೇಕು. ಖರ್ಚು ಕಳೆದು ವರ್ಷಕ್ಕೆ 80 ಲಕ್ಷ ರೂಪಾಯಿ ಬಾಡಿಗೆ ಬರುವ ಕಟ್ಟಡವೊಂದನ್ನು ಊಹಿಸಿಕೊಳ್ಳಿ. ಕೊಳ್ಳುವವರು ಕೊಟ್ಟ ಬೆಲೆಯ ಮೇಲೆ ವರ್ಷಕ್ಕೆ ಶೇ. 8ರ ಆದಾಯಕ್ಕೆ ಒಪ್ಪಿದರೆ ಅದರ ಬೆಲೆ 10 ಕೋಟಿ, ಶೇ. 9 ಬೇಕೆಂದರೆ ಸುಮಾರು 8.89 ಕೋಟಿ. ಕಟ್ಟಡದ ಮೇಲೆ 6 ಕೋಟಿ ಸಾಲವಿದೆ ಎನ್ನಿ. ಬಾಡಿಗೆ ಒಂದು ರೂಪಾಯಿಯೂ ಕಡಿಮೆಯಾಗದಿದ್ದರೂ, ಸಾಲ ಕಳೆದ ಮೇಲೆ ಮಾಲೀಕರಿಗೆ ಉಳಿಯುವುದು 4 ಕೋಟಿಯಿಂದ 2.89 ಕೋಟಿಗೆ ಇಳಿಯುತ್ತದೆ. ಕಟ್ಟಡದ ಬೆಲೆ ಕುಸಿದದ್ದು ಶೇ. 11ರಷ್ಟು, ಮಾಲೀಕರ ಪಾಲು ಕುಸಿದದ್ದು ಶೇ. 28ರಷ್ಟು. ಸಾಲ ಕೊಟ್ಟವರು ಇಲ್ಲಿ ಇನ್ನೂ ನೆಮ್ಮದಿಯಿಂದಿರಬಹುದು, ಫಂಡ್‌ನವರು ಇರಲಾರರು. ಸಂದರ್ಶನದ ಎಕ್ಸೆಲ್ ಪರೀಕ್ಷೆಗಳಲ್ಲಿ ಅಳೆಯುವುದು ಬಹುಪಾಲು ಇಂತಹ ತಿಳಿವಳಿಕೆಯನ್ನೇ. ಹಣ ಯಾವ ವರ್ಷ ಹೋಗಿ ಯಾವ ವರ್ಷ ಬರುತ್ತದೆಂಬುದನ್ನು ಹಿಡಿದು ಐಆರ್‌ಆರ್ (ಹೂಡಿಕೆಯ ವಾರ್ಷಿಕ ಪ್ರತಿಫಲದ ದರ) ಲೆಕ್ಕ ಹಾಕುವುದನ್ನೂ, ಹೂಡಿಕೆದಾರರು ಹಾಗೂ ಫಂಡ್ ನಡೆಸುವವರ ನಡುವೆ ಲಾಭ ಹಂಚುವ ಕ್ರಮವನ್ನೂ ಖಾಲಿ ಹಾಳೆಯಿಂದ ಆರಂಭಿಸಿ ಕಟ್ಟುವಷ್ಟು ಅಭ್ಯಾಸ ಮಾಡಿ.

ರಿಕ್ರೂಟರ್‌ಗಳನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಎಲ್ಲರಿಗೂ ಒಂದೇ ಮೇಲ್ ಕಳುಹಿಸುವುದನ್ನು ನಿಲ್ಲಿಸಿ, ಹಣಕಾಸು ಮತ್ತು ರಿಯಲ್ ಎಸ್ಟೇಟ್ ನೇಮಕಾತಿಯನ್ನೇ ಮಾಡುವ ಕೆಲವರನ್ನು ಮಾತ್ರ ಆರಿಸಿಕೊಳ್ಳಿ. ಕರೆ ಬಂದಾಗ, ಈ ಹುದ್ದೆಯನ್ನು ಕಂಪನಿಯೇ ಅವರಿಗೆ ಒಪ್ಪಿಸಿದೆಯೇ ಎಂದು ಕೇಳಿ. ಕಂಪನಿಯ ಹೆಸರು ತಿಳಿಸಿ ನಿಮ್ಮ ಒಪ್ಪಿಗೆ ಪಡೆಯದೆ ಬಯೋಡೇಟಾ ಕಳುಹಿಸಬಾರದೆಂದು ಸ್ಪಷ್ಟವಾಗಿ ಹೇಳಿ. ಒಂದೇ ಕಂಪನಿಗೆ ಇಬ್ಬರು ರಿಕ್ರೂಟರ್‌ಗಳಿಂದ ನಿಮ್ಮ ಹೆಸರು ಹೋದರೆ, ಶುಲ್ಕದ ಜಗಳವೇ ಬೇಡವೆಂದು ಕಂಪನಿಯು ನಿಮ್ಮನ್ನೇ ಕೈಬಿಡುವುದುಂಟು. ಒಮ್ಮೆ ಹೆಸರು ಕಳುಹಿಸಿದ ರಿಕ್ರೂಟರ್‌ಗೆ ಶುಲ್ಕದ ಮೇಲಿರುವ ಹಕ್ಕು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದವರೆಗೆ ಉಳಿಯುವುದರಿಂದ, ಯಾರ ಮೂಲಕ ಎಲ್ಲಿಗೆ ಹೋಗಿದೆ ಎಂಬುದನ್ನು ಬರೆದಿಟ್ಟುಕೊಳ್ಳುವುದು ಅಗತ್ಯ. ವೇತನ ಮತ್ತು ನೋಟಿಸ್ ಅವಧಿಯ ವಿಷಯದಲ್ಲಿ ಸುಳ್ಳು ಬೇಡ. ಮುಂದೆ ದಾಖಲೆ ಕೇಳಿಯೇ ಕೇಳುತ್ತಾರೆ.

ನನ್ನ ಅಭಿಪ್ರಾಯದಲ್ಲಿ ನಿಮಗೆ ನಡುವೆ ಒಂದು ಮೆಟ್ಟಿಲು ಬೇಕು. ಬೆಂಗಳೂರಿನಲ್ಲಿ ಜೆಎಲ್‌ಎಲ್, ಸಿಬಿಆರ್‌ಇ, ನೈಟ್ ಫ್ರಾಂಕ್‌ನಂತಹ ರಿಯಲ್ ಎಸ್ಟೇಟ್ ಸಲಹಾ ಸಂಸ್ಥೆಗಳ ಮೌಲ್ಯಮಾಪನ ಅಥವಾ ಬಂಡವಾಳ ವಿಭಾಗಕ್ಕೆ, ಇಲ್ಲವೇ ದೊಡ್ಡ ಬಿಲ್ಡರ್ ಕಂಪನಿಯ ಹಣಕಾಸು ವಿಭಾಗಕ್ಕೆ ಮೊದಲು ಸೇರಿ. ಅಲ್ಲಿ ಎರಡು ಮೂರು ವರ್ಷ ಕಳೆದರೆ ಇಂದು ಉತ್ತರಿಸದ ರಿಕ್ರೂಟರ್‌ಗಳೇ ನಿಮ್ಮನ್ನು ಹುಡುಕುವ ಸಾಧ್ಯತೆ ಹೆಚ್ಚು. ಅದರ ಜೊತೆಗೆ ಫಂಡ್‌ಗಳಲ್ಲಿ ನಿಮಗಿಂತ ಒಂದೆರಡು ಹಂತ ಮೇಲಿರುವವರಿಗೆ ನೇರವಾಗಿ ಬರೆಯಿರಿ. ಕೆಲಸ ಕೊಡಿ ಎಂದು ಬರೆಯುವುದಕ್ಕಿಂತ, ಬಿಆರ್‌ಟಿಎಸ್ ಬಸ್ಸು ಓಡಾಡುವ ಹುಬ್ಬಳ್ಳಿ–ಧಾರವಾಡ ರಸ್ತೆಯ ಒಂದು ವಾಣಿಜ್ಯ ಕಟ್ಟಡದ ಬಾಡಿಗೆ, ಖಾಲಿ ಇರುವ ಜಾಗ, ಮಾಲೀಕರು ನಿರೀಕ್ಷಿಸುವ ಬೆಲೆ ಮತ್ತು ನೀವಾದರೆ ಎಷ್ಟಕ್ಕೆ ಕೊಳ್ಳುವಿರಿ ಎಂಬುದನ್ನು ಒಂದು ಪುಟದಲ್ಲಿ ಬರೆದು ಲಗತ್ತಿಸಿ. ಆ ಕಟ್ಟಡವನ್ನು ಯಾವ ಫಂಡೂ ಕೊಳ್ಳಲಿಕ್ಕಿಲ್ಲ. ಓದಿದವರಿಗೆ ನಿಮ್ಮ ಯೋಚನೆಯ ಕ್ರಮವಂತೂ ಕಾಣುತ್ತದೆ.

ಪ್ರಶ್ನೆ: ನಾನು ಬಿಕಾಂ ಪದವೀಧರ. ಮುಂಬೈಯ ಹೂಡಿಕೆ ಫಂಡ್ ಒಂದರಲ್ಲಿ ಕೆಲಸ ಖಚಿತವೆಂದೂ, ನೋಂದಣಿ ಮತ್ತು ತರಬೇತಿಗೆ ಮೊದಲೇ ಹಣ ಕಟ್ಟಬೇಕೆಂದೂ ಕನ್ಸಲ್ಟನ್ಸಿಯವರೊಬ್ಬರು ಫೋನಿನಲ್ಲಿ ಹೇಳುತ್ತಿದ್ದಾರೆ. ಕಟ್ಟಬಹುದೇ?
— ಓದುಗರು, ಬೆಟಗೇರಿ, ಗದಗ

ಉತ್ತರ: ಕಟ್ಟಬೇಡಿ. ಈ ಕ್ಷೇತ್ರದ ರಿಕ್ರೂಟರ್‌ಗಳು ಅಭ್ಯರ್ಥಿಯಿಂದ ಹಣ ಪಡೆಯುವುದಿಲ್ಲ ಎಂಬುದನ್ನು ಮೇಲಿನ ಉತ್ತರದಿಂದಲೇ ತಿಳಿಯಬಹುದು. ಸಂದರ್ಶನವಿಲ್ಲದೆ ಕೆಲಸ ಖಚಿತವೆನ್ನುವವರನ್ನು ದೂರವೇ ಇಡಿ. ಅವರು ಹೇಳಿದ ಫಂಡ್‌ನ ಹೆಸರು ಸೆಬಿ ಜಾಲತಾಣದಲ್ಲಿರುವ ನೋಂದಾಯಿತ ನಿಧಿಗಳ ಪಟ್ಟಿಯಲ್ಲಿದೆಯೇ ನೋಡಿ. ಇದ್ದರೆ ಅಲ್ಲಿ ಕೊಟ್ಟಿರುವ ವಿಳಾಸಕ್ಕೆ ಬರೆದು, ಅಂತಹ ಹುದ್ದೆ ಇದೆಯೇ ಎಂದು ವಿಚಾರಿಸಿ. ಅಸಲಿ ಸಂಸ್ಥೆಯ ಹೆಸರನ್ನೇ ಬಳಸಿ ನಕಲಿ ನೇಮಕಾತಿ ಪತ್ರ ಕಳುಹಿಸುವವರೂ ಇದ್ದಾರೆ. ಈಗಾಗಲೇ ಸ್ವಲ್ಪ ಹಣ ಕೊಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ 1930 ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಿ, ಯುಪಿಐ ವಹಿವಾಟಿನ ಸಂಖ್ಯೆಯನ್ನೂ ಅವರ ಸಂದೇಶಗಳನ್ನೂ ಅಳಿಸದೆ ಇಟ್ಟುಕೊಳ್ಳಿ.