ಕ್ಯಾರಿ ಗ್ರಾಂಟ್ ಜಿಪುಣನೇ?

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಮೊನ್ನೆ 'ನಾರ್ತ್ ಬೈ ನಾರ್ತ್‌ವೆಸ್ಟ್' ಸಿನಿಮಾ ನೋಡಿದೆ. ಅದರ ನಾಯಕ, ಹಾಲಿವುಡ್ ನಟ ಕ್ಯಾರಿ ಗ್ರಾಂಟ್ ಭಾರೀ ಶ್ರೀಮಂತ, ಆದರೆ ಮಹಾ ಜಿಪುಣ ಅಂತ ಎಲ್ಲೋ ಓದಿದ ನೆನಪು. ನಿಜವೇ? ಅಷ್ಟು ದುಡ್ಡು ಬರೀ ನಟನೆಯಿಂದ ಬಂತೇ? ಆಸ್ಕರ್ ಯಾಕೆ ಸಿಗಲಿಲ್ಲ?"

ಸಂ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಆತನ ಹೆಸರು ಎರಡು ಸಲ ಪಟ್ಟಿಗೆ ಬಂತು, ಎರಡು ಸಲವೂ ಪ್ರಶಸ್ತಿ ಬೇರೆಯವರ ಪಾಲಾಯಿತು. ತಮಾಷೆಯೆಂದರೆ ಅವೆರಡೂ ಕಣ್ಣೀರಿನ ಚಿತ್ರಗಳು. ಆತನಂತೆ ಇನ್ನೊಬ್ಬ ಮಾಡಲಾರದ ಹಾಸ್ಯಕ್ಕೆ ಒಮ್ಮೆಯೂ ಹೆಸರು ಬರಲಿಲ್ಲ. 1970ರಲ್ಲಿ ಗೌರವ ಆಸ್ಕರ್ ಕೊಟ್ಟು ಕೈತೊಳೆದುಕೊಂಡರು.

ಇನ್ನು ದುಡ್ಡಿನ ವಿಚಾರ. ನೀವು ನೋಡಿದ ಚಿತ್ರದಲ್ಲಿ ಆತ ತೊಟ್ಟ ಬೂದು ಸೂಟು ನಿಮಗೆ ನೆನಪಿರಬೇಕು. ವಿಮಾನ ಅಟ್ಟಿಸಿಕೊಂಡು ಬರುತ್ತದೆ, ಧೂಳಿನಲ್ಲಿ ಬೀಳುತ್ತಾನೆ, ಮುಸುಕಿನ ಜೋಳದ ಹೊಲಕ್ಕೆ ನುಗ್ಗುತ್ತಾನೆ, ಆದರೂ ಸೂಟಿನ ಗತ್ತು ಹೋಗುವುದಿಲ್ಲ. ಆತನ ಅಪ್ಪ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬಟ್ಟೆ ಕಾರ್ಖಾನೆಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದವನು. ಅಗ್ಗದ ನಾಲ್ಕು ಜೊತೆ ಶೂ ಕೊಳ್ಳುವ ಬದಲು ಒಳ್ಳೆಯದು ಒಂದೇ ಜೊತೆ ಕೊಳ್ಳು ಎಂದು ಮಗನಿಗೆ ಹೇಳಿದ್ದನಂತೆ. ಬಡವನ ಮನೆಯ ಈ ಲೆಕ್ಕವನ್ನು ಹಾಲಿವುಡ್ಡಿನವರು ಜಿಪುಣತನ ಎಂದರು.

1904ರಲ್ಲಿ ಹುಟ್ಟಿದಾಗ ಆತನ ಹೆಸರು ಆರ್ಚಿಬಾಲ್ಡ್ ಲೀಚ್. ಒಂಬತ್ತು ವರ್ಷದವನಿದ್ದಾಗ ಒಂದು ದಿನ ಶಾಲೆಯಿಂದ ಬಂದರೆ ಅಮ್ಮ ಮನೆಯಲ್ಲಿಲ್ಲ. ಸಮುದ್ರದ ಕಡೆ ಹವಾ ಬದಲಾವಣೆಗೆ ಹೋಗಿದ್ದಾಳೆ ಎಂದರು. ಅಪ್ಪ ಆಕೆಯನ್ನು ಹುಚ್ಚಾಸ್ಪತ್ರೆಗೆ ಸೇರಿಸಿದ್ದ. ಅಮ್ಮ ಇನ್ನೂ ಬದುಕಿದ್ದಾಳೆ ಎಂದು ಮಗನಿಗೆ ತಿಳಿಯುವ ಹೊತ್ತಿಗೆ ಆತ ಮೂವತ್ತು ದಾಟಿದ ಸಿನಿಮಾ ನಟ. ಆಕೆಯನ್ನು ಬಿಡಿಸಿ ತಂದು, ಬ್ರಿಸ್ಟಲ್‌ನಲ್ಲೇ ಮನೆ ಮಾಡಿಕೊಟ್ಟು ಕೊನೆತನಕ ನೋಡಿಕೊಂಡ.

ಹುಡುಗ 1920ರಲ್ಲಿ ದೊಂಬರಾಟದ ತಂಡವೊಂದರ ಜೊತೆ ಅಮೆರಿಕಕ್ಕೆ ಹಡಗು ಹತ್ತಿದ. ಹೊಟ್ಟೆಪಾಡಿಗೆ ನ್ಯೂಯಾರ್ಕಿನ ಕೋನಿ ಐಲೆಂಡ್ ಎಂಬ ವಿಹಾರತಾಣದಲ್ಲಿ ಮರಗಾಲು ಕಟ್ಟಿಕೊಂಡು ಜಾಹೀರಾತು ಹೊತ್ತು ಓಡಾಡಿದ್ದೂ ಉಂಟು. 1931ರ ಕೊನೆಗೆ ಪ್ಯಾರಾಮೌಂಟ್ ಎಂಬ ಹಾಲಿವುಡ್ ಸ್ಟುಡಿಯೋ ಐದು ವರ್ಷದ ಕರಾರು ಬರೆಸಿಕೊಂಡಿತು, ವಾರಕ್ಕೆ 450 ಡಾಲರ್. ಆಗ ನಟನೆಂದರೆ ಸ್ಟುಡಿಯೋದ ಸಂಬಳದಾಳು. ಯಾವ ಚಿತ್ರ, ಯಾವ ಪಾತ್ರ ಎಂಬುದೆಲ್ಲ ಅವರ ಮರ್ಜಿ. ಬೇಕಾದರೆ ಬೇರೆ ಸ್ಟುಡಿಯೋಗೆ ಬಾಡಿಗೆಗೂ ಕೊಡುತ್ತಿದ್ದರು.

ಐದು ವರ್ಷ ಮುಗಿಯಿತು. ಎಲ್ಲರೂ ಹೊಸ ಕರಾರಿಗೆ ಸಹಿ ಹಾಕುತ್ತಿದ್ದ ಕಾಲದಲ್ಲಿ ಈತ ಒಲ್ಲೆ ಎಂದು ಹೊರಬಂದ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. ಆಮೇಲೆ ಯಾವ ಸ್ಟುಡಿಯೋಗೂ ಪೂರ್ತಿ ಕಟ್ಟುಬೀಳದೆ, ಕಥೆ ತಾನೇ ಆರಿಸಿ, ದರ ತಾನೇ ಹೇಳಿದ. 1937ರ 'ದಿ ಆಫುಲ್ ಟ್ರುತ್' ಗೆದ್ದ ಮೇಲೆ ಆತನನ್ನು ಹಿಡಿಯುವವರೇ ಇರಲಿಲ್ಲ. ನೀವು ನೋಡಿದ 1959ರ ಚಿತ್ರಕ್ಕೆ ನಾಲ್ಕೂವರೆ ಲಕ್ಷ ಡಾಲರ್ ಸಂಭಾವನೆ, ಗಳಿಕೆ 80 ಲಕ್ಷ ಡಾಲರ್ ದಾಟಿದ ಮೇಲೆ ಬಂದದ್ದರಲ್ಲಿ ನೂರಕ್ಕೆ ಹತ್ತು. ಲಾಭದಲ್ಲಲ್ಲ, ಗಮನಿಸಿ, ಒಟ್ಟು ಗಳಿಕೆಯಲ್ಲಿ. ಲಾಭವನ್ನು ಲೆಕ್ಕದ ಪುಸ್ತಕದಲ್ಲಿ ಮಾಯ ಮಾಡುವ ವಿದ್ಯೆ ನಿರ್ಮಾಪಕರಿಗೆ ಗೊತ್ತು ಎಂಬುದು ಆತನಿಗೂ ಗೊತ್ತಿತ್ತು. ಕೊನೆಗೊನೆಗೆ ತನ್ನದೇ ಕಂಪನಿ ಮಾಡಿದ. ಹೀಗೆ ಕೋಟಿಗಟ್ಟಲೆ ಡಾಲರ್ ಕೂಡಿತು.

ಜಿಪುಣನೋ? 1940ರ 'ದಿ ಫಿಲಡೆಲ್ಫಿಯಾ ಸ್ಟೋರಿ'ಯ ಸಂಭಾವನೆ 1,37,000 ಡಾಲರನ್ನು ಬ್ರಿಟನ್ನಿನ ಯುದ್ಧ ಪರಿಹಾರಕ್ಕೆ ಕೊಟ್ಟವನನ್ನು ಹಾಗೆನ್ನಲು ನನಗಂತೂ ನಾಲಿಗೆ ಏಳುವುದಿಲ್ಲ.

1966ರಲ್ಲಿ, 62ನೇ ವಯಸ್ಸಿನಲ್ಲಿ, ಮೊದಲ ಮತ್ತು ಒಂದೇ ಮಗು ಜೆನಿಫರ್ ಹುಟ್ಟಿದಳು. ಆ ವರ್ಷದ ಚಿತ್ರವೇ ಕೊನೆಯದು. ನಂತರ ಫಬರ್ಜೆ ಎಂಬ ಸೆಂಟಿನ ಕಂಪನಿಯ ನಿರ್ದೇಶಕನಾಗಿ ಓಡಾಡಿಕೊಂಡಿದ್ದ. 1986ರ ನವೆಂಬರ್ 29ರಂದು ಅಯೋವಾದ ಡೇವನ್‌ಪೋರ್ಟ್‌ನಲ್ಲಿ ತೀರಿಕೊಂಡಾಗ ಆಸ್ತಿಯ ಬಹುಪಾಲು ಹೆಂಡತಿ ಬಾರ್ಬರಾಗೆ ಮತ್ತು ಮಗಳಿಗೆ ಸೇರಿತು.

ಆತನ ಮನೆಯಲ್ಲಿ ಬ್ಯಾಂಕಿನಲ್ಲಿರುವಂಥ, ಬೆಂಕಿ ತಗುಲದ, ಕೋಣೆಯಷ್ಟು ದೊಡ್ಡ ತಿಜೋರಿ ಇತ್ತು. ಆತನ ಬಾಲ್ಯದ ವಸ್ತುಗಳೆಲ್ಲ ಯುದ್ಧದಲ್ಲಿ ಬ್ರಿಸ್ಟಲ್ ಮೇಲೆ ಬಿದ್ದ ಬಾಂಬುಗಳಿಗೆ ಸುಟ್ಟುಹೋಗಿದ್ದವು. ತಿಜೋರಿಯಲ್ಲಿ ಇಟ್ಟಿದ್ದದ್ದು ಮಗಳ ಫೋಟೋಗಳು, ಚೀಟಿಗಳು, ಪತ್ರಗಳು, ಆಕೆಯ ಮಾತನ್ನು ಹಿಡಿದಿಟ್ಟ ಟೇಪುಗಳು.